ಕಾವೇರಿ ದಂಡೆಯ ಶಿಬಿರಗಳು

ಭೀಮೇಶ್ವರಿ, ಗಾಳಿಬೋರೆ: ಕಾವೇರಿ ವನ್ಯಜೀವಿಧಾಮದ ನದಿದಂಡೆಯಲ್ಲಿ ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆ ನಡೆಸುವ ಶಿಬಿರಗಳು. ಬೆಂಗಳೂರಿನ ಬಿಟಿಎಂ ಲೇಔಟ್‌ನಿಂದ ಕನಕಪುರ ರಸ್ತೆ ಹಿಡಿದರೆ ಸುಮಾರು 100 ಕಿ.ಮೀ. ಇಲ್ಲಿ ಹೊಳೆದಂಡೆಯ ಟೆಂಟಿಗೆ ಆನೆ, ಮೊಸಳೆಗಳೇ ನೆರೆ. ಇವನ್ನು ಬರೀ ವಾರಾಂತ್ಯದ ಮೋಜಿನ ತಾಣವೆಂದು ಎಣಿಸಿದರೆ ಮುಖ್ಯ ಸಂಗತಿಯೇ ತಪ್ಪಿಹೋಗುತ್ತದೆ. ಮಹಶೀರ್ ಮೀನನ್ನು ಗಾಳ ಹಾಕಿ ಹಿಡಿದು, ತೂಕ ಬರೆದಿಟ್ಟು, ಮತ್ತೆ ನೀರಿಗೆ ಬಿಡುವ ಪದ್ಧತಿ ಇಲ್ಲಿತ್ತು. ಗಾಳಿಬೋರೆಯ 1998ರಿಂದ 2012ರವರೆಗಿನ ಆ ದಾಖಲೆಗಳನ್ನು ಜಾಲಾಡಿದ ಸಂಶೋಧಕರಿಗೆ, ಕಾವೇರಿಯದೇ ಆದ ಗೂನುಬೆನ್ನಿನ ಮಹಶೀರ್ ಕ್ಷೀಣಿಸಿ, ಹೊರಗಿನಿಂದ ತಂದು ಬಿಟ್ಟ ನೀಲಿರೆಕ್ಕೆಯ ಮಹಶೀರ್ ಹೆಚ್ಚಿದ್ದು ಕಂಡುಬಂತು. 2018ರಲ್ಲಿ ಗೂನುಬೆನ್ನಿನ ಮೀನು ಟಾರ್ ರೆಮಾದೇವಿ ಎಂದು ಗುರುತಾಗಿ, ಅಳಿವಿನ ತೀವ್ರ ಅಪಾಯದಲ್ಲಿರುವ ಪ್ರಭೇದಗಳ ಪಟ್ಟಿಗೆ ಸೇರಿತು.

ಗಾಳವೂ ಬೇಟೆಯೇ, 1972ರ ವನ್ಯಜೀವಿ ಕಾಯ್ದೆ ಕಾಯುವ ಧಾಮದೊಳಗೆ ಅದಕ್ಕೆ ಎಡೆಯಿಲ್ಲ ಎಂಬ ಆಕ್ಷೇಪದಲ್ಲಿ ಹುರುಳಿದೆ. ಕೊಕ್ಕೆ ಚುಚ್ಚಿಸಿಕೊಂಡ ಮೀನಿಗೆ ಹಿಡಿದವರ ಸದುದ್ದೇಶ ತಿಳಿಯುವುದಿಲ್ಲವಷ್ಟೆ. ಆದರೆ ಮೀನಿಗೆ ಮುಳುವಾದದ್ದು ಗಾಳಕ್ಕಿಂತ ಹೆಚ್ಚಾಗಿ ಅಣೆಕಟ್ಟು, ಮರಳುಗಾರಿಕೆ, ಸಿಡಿಮದ್ದು ಮತ್ತು ಪರತಳಿ. ಗಾಳ ನಿಂತಾಗ ಎಣಿಕೆಯೂ ನಿಂತಿತು. ಈಗಿನ ಹರಿಗೋಲು, ಕಯಾಕ್, ಜಿಪ್‌ಲೈನ್‌ಗಳಿಂದ ಮೀನಿನ ಲೆಕ್ಕ ಸಿಗುವುದಿಲ್ಲ.