ಕಲ್ಲು ಉಳಿಯಿತು, ಹಾಡು?

ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ದೇವಸ್ಥಾನ ಕಟ್ಟಿದ್ದು 1246ರಲ್ಲಿ. ಹೊಯ್ಸಳ ದೊರೆ ಸೋಮೇಶ್ವರನ ಕಾಲ. ಕಟ್ಟಿಸಿದವನು ಬೊಮ್ಮಣ್ಣ ದಂಡನಾಯಕ. ಕೆತ್ತಿದ ಬೈಚೋಜ, ಮಲ್ಲಿತಮ್ಮ ತಮ್ಮ ಶಿಲ್ಪಗಳ ಕೆಳಗೆ ಹೆಸರು ಕೊರೆದು ಹೋಗಿದ್ದಾರೆ. ನಮ್ಮ ಐಟಿ ಭಾಷೆಯಲ್ಲಿ ಹೇಳೋದಾದ್ರೆ, ಯಾವ ಕಮಿಟ್ ಯಾರದ್ದು ಅಂತ ಇವತ್ತಿಗೂ ಓದಬಹುದು. ಅಲ್ಲಿನ ಮೂರು ಗರ್ಭಗುಡಿಗಳ ಪೈಕಿ ಒಂದರಲ್ಲಿ ವೇಣುಗೋಪಾಲ ಕೊಳಲು ಹಿಡಿದು ನಿಂತಿದ್ದಾನೆ. ಅವನೆದುರು ಆಗ ಯಾವ ಧಾಟಿಯಲ್ಲಿ ಹಾಡುತ್ತಿದ್ದರು ಅನ್ನೋದನ್ನು ಮಾತ್ರ ಕಲ್ಲು ಹಿಡಿದಿಡಲಿಲ್ಲ.

ಸದ್ದನ್ನು ಹಿಡಿದು ಮತ್ತೆ ಕೇಳಿಸೋದು ಸಾಧ್ಯವಾಗಿದ್ದು ಎಡಿಸನ್‌ನ 1877ರ ಫೋನೋಗ್ರಾಫಿನಿಂದ. 1902ರಲ್ಲಿ ಗೌಹರ್ ಜಾನ್ ಕಲ್ಕತ್ತೆಯಲ್ಲಿ ಗ್ರಾಮಫೋನ್ ಪ್ಲೇಟಿಗೆ ಹಾಡಿದರು. ಗಂಟೆಗಟ್ಟಲೆ ಬೆಳೆಸುವ ರಾಗವನ್ನು ಮೂರು ನಿಮಿಷಕ್ಕೆ ಮುಗಿಸಿ, ಕೊನೆಗೆ ತಮ್ಮ ಹೆಸರು ಹೇಳುತ್ತಿದ್ದರು. ಮುಂದೆ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನ ಸೇರಿ, 1930ರಲ್ಲಿ ಮೈಸೂರಲ್ಲೇ ತೀರಿಕೊಂಡರು. ಅವರ ದನಿ ಉಳಿಯಿತು. ಅವರು ಹಾಡಿದ ದರ್ಬಾರುಗಳ ಮಾರ್ದನಿ ಆ ಪ್ಲೇಟಿನಲ್ಲಿಲ್ಲ.

ಈಗಿನ ವಿಆರ್ ಹೆಡ್‌ಸೆಟ್, ತ್ರೀಡಿ ಆಡಿಯೊ ಹಿಡಿಯಲು ಹೊರಟಿರೋದು ಆ ಮಾರ್ದನಿಯನ್ನು. 2010ರಲ್ಲಿ ಸ್ಟ್ಯಾನ್‌ಫರ್ಡ್ ಸಂಶೋಧಕರು ಇಸ್ತಾಂಬುಲ್‌ನ ಹಗಿಯಾ ಸೋಫಿಯಾದಲ್ಲಿ ಬಲೂನು ಒಡೆದು ರೆಕಾರ್ಡ್ ಮಾಡಿದರು. ಆ ಒಂದು ‘ಟಪ್’ ಗೋಡೆ, ಗುಮ್ಮಟಕ್ಕೆಲ್ಲ ಬಡಿದು ಅಡಗಲು ಹತ್ತು ಸೆಕೆಂಡಿಗೂ ಹೆಚ್ಚು ಬೇಕು. ಅಡಗುವ ಆ ರೀತಿಯೇ ಕಟ್ಟಡದ ಬೆರಳಚ್ಚು. ಕನ್ವಲ್ಯೂಷನ್ ಅನ್ನೋ ಲೆಕ್ಕದಿಂದ ಅದನ್ನು ಬೇರೆಲ್ಲೋ ಹಾಡಿದ ಹಾಡಿಗೂ ಹಚ್ಚಬಹುದು. ಹಳೆಯ ಬೈಜಾಂಟಿಯನ್ ಸ್ತೋತ್ರಗಳನ್ನು ಅಮೆರಿಕದಲ್ಲಿ ಹಾಡಿ, ಹಗಿಯಾ ಸೋಫಿಯಾದಲ್ಲೇ ಹಾಡಿದಂತೆ ಕೇಳುವ ಆಲ್ಬಮ್ 2019ರಲ್ಲಿ ಬಂತು. ಅದೇ ವರ್ಷ ಪ್ಯಾರಿಸ್ಸಿನ ನೋತ್ರ್‌ದಾಮ್ ಚರ್ಚಿಗೆ ಬೆಂಕಿ ಬಿದ್ದಾಗ, ಅಲ್ಲಿ 2013ರಲ್ಲಿ ಮಾಡಿಟ್ಟಿದ್ದ ಇಂಥದೇ ಅಳತೆ ತಜ್ಞರ ಕೈಯಲ್ಲಿತ್ತು.

ನುಗ್ಗೇಹಳ್ಳಿಯ ನವರಂಗದಲ್ಲೂ ಇದನ್ನು ಮಾಡಬಹುದು. ಅನುಮತಿ, ಒಳ್ಳೆಯ ಮೈಕು, ಸದ್ದಿಲ್ಲದ ಒಂದು ಬೆಳಗಿನ ಜಾವ, ಇಷ್ಟಿದ್ದರೆ ಸಾಕು. ಆದರೆ ಆ ಮಾರ್ದನಿಗೆ ಹಚ್ಚೋಕೆ ಹಾಡು ಎಲ್ಲಿಂದ ತರ್ತೀರಿ? ಹಗಿಯಾ ಸೋಫಿಯಾದ ಕೆಲಸಕ್ಕೂ ಆ ಸ್ತೋತ್ರಗಳನ್ನು ಕಲಿತ ಗಾಯಕರು ಬೇಕಾದರು.

ಅದಕ್ಕೆ ಉತ್ತರ ನಮ್ಮದೇ ಜಿಲ್ಲೆಯಲ್ಲಿದೆ. ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣ, ಕಾವೇರಿ ದಡದ ಊರು, ತಲೆಮಾರುಗಳಿಂದ ಸಂಗೀತಗಾರರ ಊರು. ಅಲ್ಲಿ 1920ರಲ್ಲಿ ಹುಟ್ಟಿದ ಆರ್.ಕೆ. ಶ್ರೀಕಂಠನ್ ಆಕಾಶವಾಣಿಯಲ್ಲಿ ದಶಕಗಟ್ಟಲೆ ದುಡಿದರು, ದೊಡ್ಡ ಶಿಷ್ಯವರ್ಗ ಬೆಳೆಸಿ 2014ರಲ್ಲಿ ತೀರಿಕೊಂಡರು. ಕರ್ನಾಟಕ ಸಂಗೀತದ ಪಾಠ ನಡೆಯೋದು ಕಿವಿಯಿಂದ. ಗುರು ಹಾಡ್ತಾರೆ, ಶಿಷ್ಯ ಒಪ್ಪಿಸ್ತಾನೆ. ಗಮಕ ತಪ್ಪಿದರೆ ಅಲ್ಲೇ ನಿಲ್ಲಿಸಿ ಮತ್ತೆ ಹೇಳಿಸ್ತಾರೆ. ಕಚೇರಿಗಳೇನೋ ರೆಕಾರ್ಡ್ ಆಗುತ್ತವೆ. ಈ ತಿದ್ದುವ ಗಳಿಗೆ ಮಾತ್ರ ಬಹುಪಾಲು ಚಾಪೆಯ ಮೇಲೇ ಮುಗಿದುಹೋಗುತ್ತೆ. ಪರಂಪರೆ ದಾಟಿ ಬರೋದು ಆ ಗಳಿಗೆಯಲ್ಲೇ.

360 ಡಿಗ್ರಿ ಕ್ಯಾಮೆರಾ, ಸುತ್ತಲಿನ ಸದ್ದು ಹಿಡಿಯುವ ಮೈಕು ನಿಜಕ್ಕೂ ಉಪಯೋಗಕ್ಕೆ ಬರೋದು ಇಲ್ಲಿ ಅಂತ ನನ್ನ ಅನಿಸಿಕೆ. ಗುರುವಿನ ಕೈ ತಾಳ, ಶಿಷ್ಯನ ಮುಖ, ಮಧ್ಯದ ಮಾತು ಎಲ್ಲವೂ ಒಟ್ಟಿಗೆ ಸಿಗುತ್ತೆ. ಹಳ್ಳಿಯಲ್ಲಿ ಬೆಳೆದವನಾಗಿ ಇನ್ನೊಂದು ಮಾತು ಸೇರಿಸ್ತೀನಿ: ಸೋಬಾನೆ ಹಾಡುವ ಅಜ್ಜಿಯಂದಿರಿಗೆ ಆಕಾಶವಾಣಿಯೂ ಇಲ್ಲ, ಶಿಷ್ಯವರ್ಗವೂ ಇಲ್ಲ. ವೀಕೆಂಡ್ ಪ್ರಾಜೆಕ್ಟ್ ಹುಡುಕ್ತಿದ್ದರೆ ಮೊದಲು ಅವರ ಜಗಲಿಗೆ ಹೋಗಿ. ದೇವಸ್ಥಾನದ ಸ್ಕ್ಯಾನ್ ಮುಂದಿನ ವರ್ಷವೂ ಮಾಡಬಹುದು.