ಮೈಬಿಸಿಗೆ ಹೊತ್ತುವ ದೀಪ

ಪೀಣ್ಯದ ಕಾರ್ಖಾನೆಗಳಲ್ಲಿ ಎರಡನೆಯ ಪಾಳಿ ಮುಗಿಸಿ ಬಾಗಲಗುಂಟೆಯ ಅಡ್ಡರಸ್ತೆಗಳಲ್ಲಿ ನಡೆದು ಮನೆ ಸೇರುವವರಿಗೆ ಗೇಟಿನ ಚಿಲಕ, ಮೆಟ್ಟಿಲು, ಮೆಟ್ಟಿಲ ಬಳಿ ಮಲಗಿದ ನಾಯಿ ಕಾಣಬೇಕು. ಅದಕ್ಕೆಂದೇ ಅನೇಕ ಮನೆಗಳ ಸಜ್ಜಾದ ಕೆಳಗೆ, ಯಾರಾದರೂ ಬಂದರೆ ತಾನಾಗಿ ಹೊತ್ತಿಕೊಳ್ಳುವ ದೀಪಗಳನ್ನು ಹಾಕಿಸಿರುತ್ತಾರೆ. ಇವುಗಳಲ್ಲಿ ಕೆಲವು ಮನುಷ್ಯ ಮೆಟ್ಟಿಲು ಹತ್ತಿದ ಮೇಲೆ ಹೊತ್ತುತ್ತವೆ. ಕೆಲವು ರಸ್ತೆಯಲ್ಲಿ ಆಟೋ ಹೋದರೂ ಹೊತ್ತುತ್ತವೆ. ಬೇಸತ್ತ ಮನೆಯವರು ಕೊನೆಗೆ ಸಂವೇದಕವನ್ನು ತಪ್ಪಿಸಿ ನೇರ ಸ್ವಿಚ್ಚಿಗೆ ತಂತಿ ಎಳೆಸುತ್ತಾರೆ. ತಪ್ಪು ಯಾವಾಗಲೂ ದೀಪದ್ದಲ್ಲ. ಅದು ಏನನ್ನು ನೋಡುತ್ತದೆ ಎಂಬುದು ಕೊಳ್ಳುವವರಿಗೂ ಕೂರಿಸುವವರಿಗೂ ತಿಳಿಯದಿರುವುದೇ ಬಹುಪಾಲು ಕಾರಣ.

ಶಿವನಸಮುದ್ರದ ಜಲವಿದ್ಯುತ್ 1902ರಲ್ಲಿ ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗಳಿಗೆ. ಬೆಂಗಳೂರಿನ ಬೀದಿಗೆ ಅದು ಬೆಳಕಾಗಿ ಬಂದದ್ದು 1905ರ ಆಗಸ್ಟ್‌ನಲ್ಲಿ. ಏಷ್ಯಾದಲ್ಲೇ ಇದು ಮೊದಲ ವಿದ್ಯುತ್ ಬೀದಿದೀಪವೆಂದು ನಾವು ಅಭಿಮಾನದಿಂದ ಹೇಳಿಕೊಳ್ಳುವುದುಂಟು. ಟೋಕಿಯೋದ ಗಿಂಜಾ ಬೀದಿಯಲ್ಲಿ 1882ರಲ್ಲೇ ಆರ್ಕ್ ದೀಪ ಬೆಳಗಿತ್ತು ಎಂಬುದನ್ನೂ ನೆನಪಿಡುವುದು ಒಳ್ಳೆಯದು. ಅಂದಿನ ದೀಪಗಳನ್ನು ಹೊತ್ತುಹೊತ್ತಿಗೆ ಹಾಕಿ ಆರಿಸಲು ಕೈ ಬೇಕಿತ್ತು. ಕತ್ತಲನ್ನು ತಾನೇ ಗುರುತಿಸುವ ಉಪಾಯಕ್ಕೆ ಬೀಜ ಆಗಲೇ ಬಿದ್ದಿತ್ತು: ಬೆಳಕು ಬಿದ್ದಾಗ ಸೆಲೆನಿಯಂನ ವಿದ್ಯುತ್ ರೋಧ ಇಳಿಯುವುದನ್ನು ವಿಲೋಬಿ ಸ್ಮಿತ್ 1873ರಲ್ಲಿ ಪ್ರಕಟಿಸಿದ್ದ. ಇಂದು ನಮ್ಮ ದೀಪವನ್ನು ಹಗಲಿನಲ್ಲಿ ಸುಮ್ಮನಿರಿಸುವ ಪುಟ್ಟ ಬೆಳಕು-ಸಂವೇದಕ ಅದೇ ವಂಶದ್ದು.

ಆದರೆ ಕತ್ತಲು ಗುರುತಿಸುವುದು ಸುಲಭ, ಮನುಷ್ಯನನ್ನು ಗುರುತಿಸುವುದು ಕಷ್ಟ. ಇದರ ಕಥೆ 1800ರಿಂದ ಶುರುವಾಗುತ್ತದೆ. ವಿಲಿಯಂ ಹರ್ಷೆಲ್ ಅಶ್ರಗದಿಂದ ಸೂರ್ಯನ ಬೆಳಕನ್ನು ಒಡೆದು, ಬಣ್ಣಬಣ್ಣಕ್ಕೂ ತಾಪಮಾಪಕ ಇಟ್ಟು ನೋಡಿದ. ಕೆಂಪಿನ ಆಚೆ, ಕಣ್ಣಿಗೆ ಏನೂ ಕಾಣದ ಕಡೆ, ಪಾದರಸ ಇನ್ನೂ ಮೇಲೇರಿತು. ಅದೇ ಅವಕೆಂಪು ವಿಕಿರಣ. ಅಮೆರಿಕದ ಸ್ಯಾಮುಯೆಲ್ ಲ್ಯಾಂಗ್ಲಿ ಮುಂದೆ ಕಟ್ಟಿದ ಬೋಲೋಮೀಟರ್ ಕಾಲು ಮೈಲಿ ದೂರದ ಹಸುವಿನ ಬಿಸಿಯನ್ನು ಹಿಡಿಯುತ್ತಿತ್ತು ಎನ್ನುತ್ತಾರೆ.

ನಮ್ಮ ಮೈಯೂ ಹೀಗೆಯೇ ಸೂಸುತ್ತಿರುತ್ತದೆ. ವೀನ್ ನಿಯಮದಂತೆ 2898ನ್ನು ಕೆಲ್ವಿನ್ ತಾಪದಿಂದ ಭಾಗಿಸಿದರೆ ವಿಕಿರಣ ಅತಿ ಹೆಚ್ಚಿರುವ ಅಲೆಯುದ್ದ ಮೈಕ್ರೋಮೀಟರಿನಲ್ಲಿ ಸಿಗುತ್ತದೆ. ಚರ್ಮದ ತಾಪ 32 ಡಿಗ್ರಿ ಸೆಲ್ಸಿಯಸ್, ಅಂದರೆ 305 ಕೆಲ್ವಿನ್ ಎಂದುಕೊಂಡರೆ ಉತ್ತರ ಸುಮಾರು 9.5 ಮೈಕ್ರೋಮೀಟರ್.

ಈ ಕಿರಣವನ್ನು ಅಗ್ಗವಾಗಿ ಹಿಡಿಯಲು ನೆರವಾದದ್ದು ಒಂದು ಹರಳಿನ ಗುಣ. 18ನೆಯ ಶತಮಾನದ ಆರಂಭದಲ್ಲಿ ಡಚ್ ವರ್ತಕರು ಸಿಂಹಳದಿಂದ ಟೂರ್ಮಲೀನ್ ಹರಳುಗಳನ್ನು ಯೂರೋಪಿಗೆ ಒಯ್ದರು. ಕೆಂಡದ ಬಳಿಯಿಟ್ಟರೆ ಅದು ಬೂದಿಯನ್ನು ಸೆಳೆದುಕೊಳ್ಳುತ್ತಿತ್ತು. ಹಾಗಾಗಿ ಅದಕ್ಕೆ ಬೂದಿ ಸೆಳೆಯುವ ಕಲ್ಲು ಎಂದೇ ಹೆಸರಾಯಿತು. ಈ ಸೆಳೆತ ವಿದ್ಯುತ್ತಿನದು, ಹರಳಿನ ಎರಡು ತುದಿಗಳಲ್ಲಿ ವಿರುದ್ಧ ಆವೇಶಗಳು ಮೂಡುತ್ತವೆ ಎಂದು 1756ರಲ್ಲಿ ಈಪಿನಸ್ ತೋರಿಸಿದ. 1824ರಲ್ಲಿ ಡೇವಿಡ್ ಬ್ರೂಸ್ಟರ್ ಇದನ್ನು ಪೈರೋವಿದ್ಯುತ್ ಎಂದು ಕರೆದ. ಇಲ್ಲಿ ವಿದ್ಯಾರ್ಥಿಗಳು ಒಂದು ಅಂಶವನ್ನು ಗಟ್ಟಿಯಾಗಿ ಹಿಡಿಯಬೇಕು: ಹರಳು ಬಿಸಿಯಾಗಿದ್ದರೆ ಸಾಲದು, ಅದರ ತಾಪ ಬದಲಾಗುತ್ತಿರಬೇಕು. ಬದಲಾವಣೆ ನಿಂತರೆ ಆವೇಶ ಸೋರಿಹೋಗುತ್ತದೆ.

ಕಳ್ಳರನ್ನು ಪತ್ತೆಹಚ್ಚುವ ಮೊದಲ ಯಂತ್ರಗಳು ಈ ದಾರಿ ಹಿಡಿಯಲಿಲ್ಲ. 1950ರ ದಶಕದ ಆರಂಭದಲ್ಲಿ ಸ್ಯಾಮುಯೆಲ್ ಬಾಗ್ನೋ ಕೋಣೆಯೊಳಗೆ ಶ್ರವಣಾತೀತ ಧ್ವನಿ ತುಂಬಿ, ಅದರ ಪ್ರತಿಫಲನದ ಏರುಪೇರನ್ನು ಗಮನಿಸುವ ವ್ಯವಸ್ಥೆ ರೂಪಿಸಿದ. ಪೈರೋವಿದ್ಯುತ್ತಿನಿಂದ ವಿಕಿರಣ ಪತ್ತೆ ಮಾಡಬಹುದೆಂಬ ಸೂಚನೆ 1938ರಲ್ಲೇ ಬಂದಿದ್ದರೂ, ಆ ಅತ್ಯಲ್ಪ ಆವೇಶವನ್ನು ಕಳೆದುಕೊಳ್ಳದೆ ವರ್ಧಿಸುವ ಟ್ರಾನ್ಸಿಸ್ಟರ್‌ಗಳು ಬರುವವರೆಗೆ ಅದು ಮನೆಬಾಗಿಲಿಗೆ ಬರುವಂತಿರಲಿಲ್ಲ.

ಇಂದಿನ ಸಂವೇದಕದೊಳಗೆ ಎರಡು ಪುಟ್ಟ ಪೈರೋವಿದ್ಯುತ್ ಪಟ್ಟಿಗಳನ್ನು ಒಂದಕ್ಕೊಂದು ವಿರುದ್ಧವಾಗಿ ಜೋಡಿಸಿರುತ್ತಾರೆ. ಮುಂಗಟ್ಟು ಒಟ್ಟಾಗಿ ಬಿಸಿಯಾದರೆ ಎರಡರ ಸಂಕೇತಗಳೂ ಒಂದನ್ನೊಂದು ಅಳಿಸಿಹಾಕುತ್ತವೆ. ಮನುಷ್ಯ ಅಡ್ಡಲಾಗಿ ಹಾದುಹೋದರೆ ಅವನ ಬಿಸಿ ಮೊದಲು ಒಂದಕ್ಕೆ, ಮರುಕ್ಷಣ ಇನ್ನೊಂದಕ್ಕೆ ತಾಗುತ್ತದೆ. ಸಂಕೇತ ಏರಿ ಇಳಿಯುತ್ತದೆ, ದೀಪ ಹೊತ್ತುತ್ತದೆ. ಮುಂದಿರುವ ಬಿಳಿ ಪ್ಲಾಸ್ಟಿಕ್ ಗುಮ್ಮಟ ಬರೀ ಮುಚ್ಚಳವಲ್ಲ. ಫ್ರೆನೆಲ್ 1820ರ ದಶಕದಲ್ಲಿ ಫ್ರಾನ್ಸಿನ ದೀಪಸ್ತಂಭಗಳಿಗಾಗಿ ರೂಪಿಸಿದ ತೆಳು ಮಸೂರಗಳ ಗುಂಪು ಅದು. ಅಂಗಳವನ್ನು ಬೀಸಣಿಗೆಯ ಕಡ್ಡಿಗಳಂತೆ ಅದು ವಲಯಗಳಾಗಿ ಹೋಳು ಮಾಡುತ್ತದೆ.

ಈ ರಚನೆಯಲ್ಲೇ ನಮ್ಮ ಮೊದಲ ದೂರಿಗೆ ಉತ್ತರವಿದೆ. ಬಾಗಿಲ ಮೇಲೆ ಗೇಟಿಗೆ ನೇರ ಮುಖಮಾಡಿ ಕೂರಿಸಿದರೆ, ನಡೆದು ಬರುವವರು ಒಂದೇ ವಲಯದಲ್ಲಿ ನೇರ ಹತ್ತಿರವಾಗುತ್ತಾರೆ. ಬಿಸಿ ವಲಯದಿಂದ ವಲಯಕ್ಕೆ ದಾಟುವುದಿಲ್ಲ, ದೀಪ ತಡವಾಗುತ್ತದೆ. ಪಕ್ಕದ ಗೋಡೆಯ ಮೇಲೆ, ಎರಡರಿಂದ ಎರಡೂವರೆ ಮೀಟರ್ ಎತ್ತರದಲ್ಲಿ, ದಾರಿಗೆ ಅಡ್ಡಲಾಗಿ ನೋಡುವಂತೆ ಇಟ್ಟರೆ ಅದೇ ದೀಪ ಗೇಟು ತೆರೆಯುತ್ತಿದ್ದಂತೆ ಹೊತ್ತುತ್ತದೆ. ನನ್ನ ಮಟ್ಟಿಗೆ, ದುಬಾರಿ ದೀಪಕ್ಕಿಂತ ಸರಿಯಾದ ಗೋಡೆ ಮುಖ್ಯ.

ಬಿಸಿಯ ಅಂತರವನ್ನು ತೋರಿಸುವ ತತ್ವದ ಭಾರೀ ರೂಪವೊಂದು ಪಕ್ಕದ ಪೀಣ್ಯದಲ್ಲೇ ಇದೆ. 1975ರ ಏಪ್ರಿಲ್ 19ರಂದು ಉಡಾವಣೆಯಾದ ಆರ್ಯಭಟ ಉಪಗ್ರಹ ಯು. ಆರ್. ರಾವ್ ಅವರ ನೇತೃತ್ವದಲ್ಲಿ ತಯಾರಾದದ್ದು ಇಲ್ಲಿನ ಕೈಗಾರಿಕಾ ಶೆಡ್ಡುಗಳಲ್ಲಿ. ಆ ತಾಣದಲ್ಲಿ ಈಗ ಇಸ್ರೋದ ಲಿಯೋಸ್ ಪ್ರಯೋಗಾಲಯವಿದೆ. ಉಪಗ್ರಹಗಳ ಸಂವೇದಕಗಳನ್ನು ರೂಪಿಸುವುದು ಅದರ ಕೆಲಸ. ಅವುಗಳಲ್ಲೊಂದಾದ ಭೂಸಂವೇದಕವು ಬೆಚ್ಚಗಿನ ಭೂಮಿಯ ಅವಕೆಂಪು ಅಂಚನ್ನು ತಣ್ಣನೆಯ ಆಕಾಶದೆದುರು ಗುರುತಿಸಿ, ಉಪಗ್ರಹ ಯಾವ ಕಡೆ ವಾಲಿದೆ ಎಂದು ಹೇಳುತ್ತದೆ.

ಅಂತರಿಕ್ಷದಲ್ಲಿ ಹಿನ್ನೆಲೆ ಸದಾ ತಣ್ಣಗಿರುತ್ತದೆ, ಅಂಗಳದಲ್ಲಿ ಹಾಗಲ್ಲ. ವಿಕಿರಣ ತಾಪದ ನಾಲ್ಕನೆಯ ಘಾತದಂತೆ ಏರುತ್ತದೆ. ಬೆಂಗಳೂರಿನ 20 ಡಿಗ್ರಿಯ ರಾತ್ರಿಯಲ್ಲಿ 32 ಡಿಗ್ರಿಯ ಚರ್ಮ ಗೋಡೆಗಿಂತ ಸುಮಾರು ಶೇಕಡಾ 17ರಷ್ಟು ಹೆಚ್ಚು ಸೂಸುತ್ತದೆ. ರಾಯಚೂರಿನ ಮೇ ತಿಂಗಳ ಸಂಜೆ ಗೋಡೆ 30 ಡಿಗ್ರಿಯಲ್ಲಿದ್ದರೆ ಅಂತರ ಶೇಕಡಾ 3ಕ್ಕೂ ಕಡಿಮೆ. ಡಬ್ಬಿಯ ಮೇಲೆ 12 ಮೀಟರ್ ಎಂದು ಬರೆದಿದ್ದರೆ ಅದು ತಂಪು ಹಿನ್ನೆಲೆಯ ಲೆಕ್ಕವೆಂದೇ ತಿಳಿಯಿರಿ.

ಇನ್ನು ಆಟೋಗೆ ಹೊತ್ತುವ ದೀಪ. ಮೊದಲು ಅದು ಯಾವ ಜಾತಿಯದೆಂದು ನೋಡಬೇಕು. ಅಂಗಡಿಯಲ್ಲಿ ರೇಡಾರ್ ಅಥವಾ ಮೈಕ್ರೋವೇವ್ ಎಂದು ಮಾರುವುದು ಡಾಪ್ಲರ್ ಪರಿಣಾಮದಿಂದ ಚಲನೆಯನ್ನು ಹಿಡಿಯುತ್ತದೆ. ಅದು ಗಾಜು, ಮರ, ತೆಳು ಗೋಡೆಗಳ ಆಚೆಗೂ ನೋಡುತ್ತದೆ. 30×40 ಅಡಿ ನಿವೇಶನದಲ್ಲಿ ರಸ್ತೆಯೇ ಕಾಂಪೌಂಡಿಗೆ ತಾಗಿರುವಾಗ ಅದು ಬೇಡ. ಅವಕೆಂಪಿನದಾಗಿದ್ದರೆ ಮುಖವನ್ನು ಸ್ವಲ್ಪ ಕೆಳಗೆ ಬಗ್ಗಿಸಿ, ರಸ್ತೆಯ ಕಡೆಯ ಮಸೂರಗಳ ಮೇಲೆ ಇನ್ಸುಲೇಷನ್ ಟೇಪ್ ಅಂಟಿಸಿದರೆ ಸಾಕು. ಬಿಸಿಗಾಳಿ ಊದುವ ಎ.ಸಿ. ಯಂತ್ರದ ಎದುರು ಇಡಬಾರದು. ನಾಯಿಯನ್ನು ಪೂರ್ತಿ ತಡೆಯಲಾಗದು, ಅದರ ಮೈಯೂ ಬಿಸಿಯೇ.

ಕೊಳ್ಳುವಾಗ ಎರಡು ಅಂಕಿ ಓದಿಕೊಳ್ಳಿ. ಐಪಿ 44 ಎಂದರೆ ಎರಚುವ ನೀರನ್ನು ತಡೆಯುತ್ತದೆ, ಸಜ್ಜಾದ ಕೆಳಗೆ ಸಾಕು. ಮಳೆಗೆ ನೇರ ಒಡ್ಡುವುದಾದರೆ ಐಪಿ 65 ಬೇಕು. ಸಂವೇದಕ ಬೇರೆ, ದೀಪ ಬೇರೆ ಕೊಳ್ಳುವುದಾದರೆ ಸಂವೇದಕ ಹೊರಬಲ್ಲ ಎಲ್‌ಇಡಿ ವ್ಯಾಟ್ ಎಷ್ಟೆಂದು ಪ್ರತ್ಯೇಕವಾಗಿ ಕೇಳಿ. ಹಳೆಯ ಬಲ್ಬಿನ ಲೆಕ್ಕದ ಸಂಖ್ಯೆ ದೊಡ್ಡದಾಗಿರುತ್ತದೆ. ಎಲ್‌ಇಡಿಯ ಚಾಲಕ ಮಂಡಲದ ಧಾರಕಗಳು ಹೊತ್ತುವ ಕ್ಷಣದಲ್ಲಿ ವಿದ್ಯುತ್ತನ್ನು ಒಮ್ಮೆಲೇ ಹೀರುವುದರಿಂದ ರಿಲೇಯ ಸಂಪರ್ಕ ಬೆಸೆದುಕೊಂಡು ದೀಪ ಆರದೇ ಉಳಿಯಬಹುದು. ಸಿಎಫ್‌ಎಲ್ ಇದ್ದರೆ ಬದಲಿಸಿ. ಪದೇ ಪದೇ ಹೊತ್ತಿ ಆರಿದರೆ ಅದರ ಆಯುಸ್ಸು ಇಳಿಯುತ್ತದೆ.

ಶಿಕ್ಷಕರು ಇಂಥ ಒಂದು ದೀಪವನ್ನು ತರಗತಿಗೆ ತಂದು, ಬೆಳಕಿನ ಗುಂಡಿಯನ್ನು ಹಗಲಲ್ಲೂ ಹೊತ್ತುವಂತೆ ತಿರುಗಿಸಿ, ಮಸೂರದ ಮುಂದೆ ಕಿಟಕಿ ಗಾಜಿನ ತುಂಡು ಹಿಡಿಸಲಿ. ಗಾಜಿನ ಆಚೆ ವಿದ್ಯಾರ್ಥಿ ಅಡ್ಡಾಡಿದರೂ ದೀಪ ಹೊತ್ತುವುದಿಲ್ಲ. ಕಣ್ಣಿಗೆ ಪಾರದರ್ಶಕವಾದ ಗಾಜು 9.5 ಮೈಕ್ರೋಮೀಟರಿನ ಕಿರಣಕ್ಕೆ ಗೋಡೆ. ಗಾಜು ತೆಗೆದು ತೆಳುವಾದ ಪಾಲಿಥೀನ್ ಹಾಳೆ ಹಿಡಿದರೆ ಹೊತ್ತುತ್ತದೆ. ಬಳಿಕ ಅದೇ ವಿದ್ಯಾರ್ಥಿ ದೀಪದೆದುರು ಅಲುಗಾಡದೆ ನಿಲ್ಲಲಿ. ನಿಗದಿಯಾದ ಅವಧಿ ಮುಗಿಯುತ್ತಲೇ ಅವನ ಕಣ್ಣೆದುರೇ ಅದು ಆರಿಹೋಗುತ್ತದೆ.