ನಿಡಘಟ್ಟದಿಂದ ಚಿಕ್ಕಲ್ಲೂರಿಗೆ: ಗಡಿ ದಾಟಿದ ಕಾಲುದಾರಿ

ಯುರೋಪಿನ ಆಲ್ಪ್ಸ್ ಪರ್ವತಗಳ ನಡುವೆ ಟಿರೋಲ್ ಎಂಬ ನಾಡಿದೆ. ರಜೆ ಬಂತೆಂದರೆ ಜನ ಅಲ್ಲಿಗೆ ನಡೆಯಲು, ಸೈಕಲ್ ತುಳಿಯಲು ಹೋಗುತ್ತಾರೆ. ಆಸ್ಟ್ರಿಯಾದಲ್ಲಿ ಹೊರಟವರು ಬ್ರೆನ್ನರ್ ಕಣಿವೆ ದಾಟಿ ಇಟಲಿಯ ದ್ರಾಕ್ಷಿತೋಟಗಳ ಕಡೆಗೆ ಇಳಿಯುತ್ತಾರೆ. ದೇಶ ಬದಲಾಗುತ್ತದೆ, ಆದರೆ ಗಡಿಯಾಚೆಯ ಹಳ್ಳಿಗಳಲ್ಲೂ ಕಿವಿಗೆ ಬೀಳುವುದು ಅದೇ ಜರ್ಮನ್. ಮೊದಲ ಮಹಾಯುದ್ಧದ ನಂತರ, 1919ರ ಒಪ್ಪಂದದಲ್ಲಿ, ಒಂದೇ ನಾಡನ್ನು ಎರಡು ಮಾಡಿ ದಕ್ಷಿಣದ ಭಾಗವನ್ನು ಇಟಲಿಗೆ ಕೊಟ್ಟರು. ಮುಸೊಲಿನಿಯ ಕಾಲದಲ್ಲಿ ಅಲ್ಲಿನ ಶಾಲೆಗಳಿಂದ ಜರ್ಮನ್ ಭಾಷೆಯನ್ನೇ ಹೊರಹಾಕಿದರು. 1998ರಲ್ಲಿ ಆ ಗಡಿಯ ತಪಾಸಣೆ ನಿಂತಿತು. ಇವತ್ತು ಪ್ರವಾಸಿಗಳು ಖುಷಿಯಿಂದ ಹಣ ಕೊಟ್ಟು ನಡೆಯುವ ದಾರಿಯ ಕೆಳಗೆ ಹೀಗೊಂದು ಗಾಯದ ಚರಿತ್ರೆ ಇದೆ.

ಇಂಥದ್ದೊಂದು ನಡಿಗೆ ನಮ್ಮ ಮಳವಳ್ಳಿ ಸೀಮೆಯಲ್ಲೂ ಇತ್ತು. 1956ಕ್ಕೆ ಮೊದಲು, ಬೆಳಗ್ಗೆ ಮೈಸೂರು ಸೀಮೆಯಲ್ಲಿ ಮುದ್ದೆ ಉಂಡು ಹೊರಟವರು ಸಂಜೆಯ ಹೊತ್ತಿಗೆ ಮದರಾಸು ಪ್ರಾಂತ್ಯದಲ್ಲಿ ಒಲೆ ಹೂಡಬಹುದಿತ್ತು. ನಡುವೆ ಇದ್ದದ್ದು ಕಾವೇರಿ. ಹಾಗೆ ದಾಟುತ್ತಿದ್ದವರು ಅದನ್ನು ಪ್ರವಾಸ ಎನ್ನುತ್ತಿರಲಿಲ್ಲ, ಜಾತ್ರೆಗೆ ಹೋಗುತ್ತಿದ್ದೇವೆ ಎನ್ನುತ್ತಿದ್ದರು.

ಗಡಿ ಹುಟ್ಟಿದ್ದು 1799ರಲ್ಲಿ. ಆ ವರ್ಷ ಮಾರ್ಚ್ 27ರಂದು ಮಳವಳ್ಳಿಯ ಬಯಲಿನಲ್ಲಿ ಟಿಪ್ಪುವಿನ ಸೈನ್ಯಕ್ಕೂ ಜನರಲ್ ಹ್ಯಾರಿಸನ ಸೈನ್ಯಕ್ಕೂ ಕಾಳಗ ನಡೆಯಿತು. ಟಿಪ್ಪು ಹಿಂದೆ ಸರಿದ. ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ಗೆದ್ದವರು ರಾಜ್ಯವನ್ನು ಹಂಚಿಕೊಂಡಾಗ ಮಂಡ್ಯ, ಮದ್ದೂರು, ಮಳವಳ್ಳಿ ಒಡೆಯರ ಮೈಸೂರಿನಲ್ಲಿ ಉಳಿದವು. ಹೊಳೆಯಾಚೆಯ ಕೊಳ್ಳೇಗಾಲ ಕೊಯಮತ್ತೂರಿನ ಜೊತೆಗೆ ಕಂಪನಿ ಸರ್ಕಾರದ ಪಾಲಾಯಿತು. ಶಿವನಸಮುದ್ರದಲ್ಲಿ ಕಾವೇರಿ ಎರಡು ಕವಲಾಗಿ ಒಂದು ದ್ವೀಪವನ್ನು ಸುತ್ತಿ ಹರಿಯುತ್ತದಲ್ಲ, ಆ ದ್ವೀಪವೂ ಕೊಳ್ಳೇಗಾಲ ತಾಲ್ಲೂಕಿನ ಲೆಕ್ಕಕ್ಕೆ ಸೇರಿ ಮದರಾಸಿನದಾಯಿತು. ಮಳವಳ್ಳಿ ಕಡೆಯ ದಡ ಮಾತ್ರ ಮೈಸೂರಿನದು. 1902ರಲ್ಲಿ ಆ ದಡದ ವಿದ್ಯುತ್ ಕೇಂದ್ರದಿಂದ ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಯಿತು. ಈ ಹೊಳೆಯ ನೀರಿಗಾಗಿ ಮೈಸೂರು, ಮದರಾಸು ಸರ್ಕಾರಗಳು 1892ರಲ್ಲಿ ಒಮ್ಮೆ, 1924ರಲ್ಲಿ ಮತ್ತೊಮ್ಮೆ ಒಪ್ಪಂದ ಬರೆದುಕೊಂಡವು.

ಸರ್ಕಾರಗಳ ನಕ್ಷೆಯಲ್ಲಿ ಹೀಗೆ ಹೊಳೆಯೇ ಗಡಿ. ಅದೇ ನೆಲಕ್ಕೆ ಇನ್ನೊಂದು ನಕ್ಷೆಯೂ ಇದೆ. ಅದನ್ನು ಯಾರೂ ಕಾಗದದ ಮೇಲೆ ಬರೆಯಲಿಲ್ಲ, ತಂಬೂರಿ ಹಿಡಿದ ನೀಲಗಾರರು ರಾತ್ರಿಯೆಲ್ಲ ಹಾಡಿ ಉಳಿಸಿದರು. ಮಂಟೇಸ್ವಾಮಿಯ ಕಾವ್ಯ ಅದು. ಒಕ್ಕಲಿನವರು ಮಂಟೇಸ್ವಾಮಿಯನ್ನು ‘ಧರೆಗೆ ದೊಡ್ಡವರು’ ಎನ್ನುತ್ತಾರೆ. ಕಲ್ಯಾಣದಿಂದ ತೆಂಕಣಕ್ಕೆ ನಡೆದು ಬಂದ ಈ ಗುರುವಿನ ಗದ್ದುಗೆ ಇರುವುದು ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದಲ್ಲಿ. ಅವರ ಶಿಶುಮಗ ಸಿದ್ದಪ್ಪಾಜಿ ಹುಟ್ಟಿದ್ದು ಮದ್ದೂರು ತಾಲ್ಲೂಕಿನ ನಿಡಘಟ್ಟದಲ್ಲಿ, ಪಾಂಚಾಳರ ಮನೆಯಲ್ಲಿ. ಆಗ ಅವನ ಹೆಸರು ಕೆಂಪಾಚಾರಿ. ಗುರು ಅವನನ್ನು ಬೇಡಿ ಪಡೆದ ಮೇಲೆ ಒಂದು ಕಷ್ಟದ ಕೆಲಸ ಒಪ್ಪಿಸುತ್ತಾನೆ: ಹಲಗೂರಿನ ಪಾಂಚಾಳರ ಬಳಿಗೆ ಹೋಗಿ ಕಬ್ಬಿಣದ ಭಿಕ್ಷೆ ತರಬೇಕು. ತನ್ನದೇ ಕುಲದವರು ಅವನನ್ನು ನಂಬುವುದಿಲ್ಲ. ಒಂದರ ಮೇಲೊಂದು ಪರೀಕ್ಷೆ ಒಡ್ಡುತ್ತಾರೆ. ಎಲ್ಲವನ್ನೂ ಗೆದ್ದು ಅವನು ಕಬ್ಬಿಣ ತರುತ್ತಾನೆ. ಕೊನೆಗೆ ಅವನು ನೆಲೆಗೊಳ್ಳುವುದು ಕಾವೇರಿಯಾಚೆ, ಕೊಳ್ಳೇಗಾಲ ಸೀಮೆಯ ಚಿಕ್ಕಲ್ಲೂರಿನಲ್ಲಿ.

ಈ ಊರುಗಳನ್ನು ಒಂದು ದಾರದಲ್ಲಿ ಪೋಣಿಸಿ ನೋಡಿ. ಮದ್ದೂರು ಸೀಮೆಯ ನಿಡಘಟ್ಟ, ಮಳವಳ್ಳಿ ಸೀಮೆಯ ಬೊಪ್ಪೇಗೌಡನಪುರ ಮತ್ತು ಹಲಗೂರು, ಹೊಳೆ ದಾಟಿದರೆ ಚಿಕ್ಕಲ್ಲೂರು. ಕಥೆಯಲ್ಲಿ ಬರುವ ಪ್ರತಿ ಊರೂ ನಡೆದು ಮುಟ್ಟಬಹುದಾದ ಊರು. ಕೇಳುವವರಿಗೆ ಆ ಊರುಗಳ ನೀರು, ನೆರಳು, ಏರು, ಇಳಿಜಾರು ಎಲ್ಲ ಗೊತ್ತು. ಆದ್ದರಿಂದ ಕಾವ್ಯ ಕೇಳುವುದೂ ಒಂದು ಬಗೆಯಲ್ಲಿ ದಾರಿ ಕಲಿಯುವುದೇ ಆಗಿತ್ತು. ಕಂಪನಿಯವರು ಗಡಿ ಎಳೆದಾಗ ಅದು ಈ ಕಾವ್ಯದ ನಡುವೆಯೇ ಹಾದುಹೋಯಿತು. ಗುರು ಮೈಸೂರಿನವನಾದ, ಶಿಷ್ಯ ಮದರಾಸಿನವನಾದ. ಆದರೂ ಒಕ್ಕಲಿನ ಕಟ್ಟು ಮುರಿಯಲಿಲ್ಲ. ಬನದ ಹುಣ್ಣಿಮೆಗೆ, ಅಂದರೆ ಜನವರಿ ಹೊತ್ತಿಗೆ, ಚಿಕ್ಕಲ್ಲೂರಿನಲ್ಲಿ ಐದು ದಿನದ ಜಾತ್ರೆ ಸೇರುತ್ತದೆ. ಮೊದಲ ರಾತ್ರಿ ಹೊತ್ತಿಸುವ ಚಂದ್ರಮಂಡಲದ ಪೂಜೆಗೆ ಇಂದಿಗೂ ಬರುವುದು ಹೊಳೆಯೀಚೆಯ ಬೊಪ್ಪೇಗೌಡನಪುರದ ಮಠದವರು. ಜ್ವಾಲೆ ಯಾವ ದಿಕ್ಕಿಗೆ ಬಾಗಿತೋ ಆ ಸೀಮೆಗೆ ಆ ವರ್ಷ ಮಳೆ ಬೆಳೆ ಚೆನ್ನ ಎಂದು ಜನ ನಂಬುತ್ತಾರೆ.

ಅಲ್ಲಿ ದಾಟುತ್ತಿದ್ದ ಗಡಿ ಸರ್ಕಾರಗಳದ್ದು ಮಾತ್ರವೂ ಅಲ್ಲ. ಜಾತ್ರೆಯ ಒಂದು ದಿನ ಪಂಕ್ತಿಸೇವೆ. ಬಯಲಿನಲ್ಲಿ ಬಿಡಾರ ಹೂಡಿದವರು ಬಾಡೂಟ ಮಾಡಿ, ಜಾತಿ ಕೇಳದೆ ಸಾಲಾಗಿ ಕೂತು ಉಣ್ಣುತ್ತಾರೆ. ನೀಲಗಾರ ದೀಕ್ಷೆ ಪಡೆಯುವವರೂ ಹಲವು ಜಾತಿಗಳವರು. ಊರಿನಲ್ಲಿ ಒಬ್ಬರ ಮನೆಯ ಜಗುಲಿಯನ್ನು ಇನ್ನೊಬ್ಬರು ಹತ್ತದ ಕಾಲದಲ್ಲಿ, ಎರಡು ಮೂರು ದಿನ ಒಟ್ಟಿಗೆ ನಡೆದು ಬಂದವರು ಹೊಳೆಯಾಚೆ ಒಂದೇ ಸಾಲಿನಲ್ಲಿ ಕೂರುತ್ತಿದ್ದರು. ಇತ್ತೀಚಿನ ವರ್ಷಗಳಲ್ಲಿ ಪ್ರಾಣಿಬಲಿ ನಿಷೇಧದ ಹೆಸರಿನಲ್ಲಿ ಈ ಸೇವೆಯ ಬಗ್ಗೆ ವಿವಾದ ಎದ್ದಿದೆ. ಒಕ್ಕಲಿನವರು ಇದು ಬಲಿಯಲ್ಲ, ಊಟ ಎನ್ನುತ್ತಾರೆ. ಅವರ ಮಾತಿಗೆ ಚರಿತ್ರೆಯ ಬಲವಿದೆ.

ಇದೇ ಸೀಮೆಯ ಇನ್ನೊಂದು ದೊಡ್ಡ ನಡಿಗೆ ಮಲೆ ಮಹದೇಶ್ವರ ಬೆಟ್ಟದ್ದು. ಆ ಬೆಟ್ಟವೂ ಕೊಳ್ಳೇಗಾಲ ತಾಲ್ಲೂಕಿನಲ್ಲಿತ್ತು, ಹಾಗಾಗಿ ಅದೂ ಮದರಾಸಿನದೇ. ಆದರೆ ಮಾದಪ್ಪನ ಒಕ್ಕಲು ಮಂಡ್ಯ, ಮೈಸೂರು ಸೀಮೆಗಳ ತುಂಬ ಹರಡಿತ್ತು. ಶಿವರಾತ್ರಿಗೆ, ಯುಗಾದಿಗೆ, ದೀಪಾವಳಿಗೆ ಹರಕೆ ಹೊತ್ತವರು ಬರಿಗಾಲಲ್ಲಿ, ‘ಉಘೇ ಮಾದಪ್ಪ’ ಎನ್ನುತ್ತ ಹೊರಡುತ್ತಿದ್ದರು. ಹನೂರು ದಾಟಿ ತಾಳುಬೆಟ್ಟ ತಲುಪಿದ ಮೇಲೆ ನಿಜವಾದ ಏರು. ಅಲ್ಲಿಂದ ಬೆಟ್ಟದವರೆಗಿನ ಕಾಡುದಾರಿಯನ್ನು ಈಗಲೂ ಸಾವಿರಾರು ಜನ ನಡೆದೇ ಹತ್ತುತ್ತಾರೆ.

ಇಷ್ಟು ಜನ ನಡೆಯಬೇಕಾದರೆ ದಾರಿಗೆ ಏರ್ಪಾಡು ಬೇಕು. ಹಳೆಯ ಮೈಸೂರಿನ ದಾರಿಗಳಲ್ಲಿ ಸಾಲುಮರ ಇರುತ್ತಿತ್ತು. ಬೇಸಿಗೆಯಲ್ಲಿ ನೀರು ಮಜ್ಜಿಗೆ ಕೊಡುವ ಅರವಟ್ಟಿಗೆ, ತಲೆಹೊರೆ ಇಳಿಸಲು ಎದೆಯೆತ್ತರದ ಕಲ್ಲು, ಮಲಗಲು ಮಂಟಪ, ಕಾಲು ತೊಳೆಯಲು ಕಲ್ಯಾಣಿ ಇರುತ್ತಿದ್ದವು. ಇವನ್ನು ಕಟ್ಟಿಸಿದವರು ಪುಣ್ಯಕ್ಕಾಗಿ ಕಟ್ಟಿಸಿದರು, ಹೆಸರಿಗಾಗಿಯೂ ಕಟ್ಟಿಸಿದರು. ಶಿವನಸಮುದ್ರದ ಎರಡು ಕವಲುಗಳಿಗೆ ಸೇತುವೆ ಹಾಕಿಸಿದ ರಾಮಸ್ವಾಮಿ ಮೊದಲಿಯಾರ್ ಅಂಥವರು. ಮೈಸೂರಿನ ಬ್ರಿಟಿಷ್ ರೆಸಿಡೆಂಟರ ಬಳಿ ನೌಕರಿಯಲ್ಲಿದ್ದ ಅವರು 19ನೇ ಶತಮಾನದ ಮೊದಲ ಭಾಗದಲ್ಲಿ ಕಲ್ಲಿನ ಕಂಬ ನಿಲ್ಲಿಸಿ, ಮೇಲೆ ಕಲ್ಲಿನ ತೊಲೆ ಚಪ್ಪಡಿ ಹೊದಿಸಿ, ಕಮಾನಿಲ್ಲದ ದೇಸಿ ಪದ್ಧತಿಯಲ್ಲಿ ಈ ಕೆಲಸ ಮಾಡಿಸಿದರು. ಸರ್ಕಾರ ಅವರಿಗೆ ಜಹಗೀರಿನ ಜೊತೆಗೆ ‘ಜನೋಪಕಾರ ಕಾಮಕರ್ತ’ ಎಂಬ ಬಿರುದನ್ನೂ ಕೊಟ್ಟಿತು. ಸೇತುವೆಗಳಿಗೆ ಮಾತ್ರ ಇಂಗ್ಲಿಷರ ಹೆಸರುಗಳು ಬಂದವು: ಒಂದಕ್ಕೆ ವೆಲ್ಲೆಸ್ಲಿ, ಇನ್ನೊಂದಕ್ಕೆ ಮದರಾಸಿನ ಗವರ್ನರ್ ಲಷಿಂಗ್ಟನ್. ಜನರ ಬಾಯಲ್ಲಿ ಮೊದಲನೆಯದು ವೆಸ್ಲಿ ಸೇತುವೆ ಆಯಿತು. ಅದಕ್ಕೂ ಹಿಂದೆ ಹೊಳೆ ಇಳಿದಾಗ ಹಾದು ಹೋಗಬೇಕು, ತುಂಬಿದಾಗ ಹರಿಗೋಲಿಗೆ ಕಾಯಬೇಕು. ಎರಡು ಸರ್ಕಾರಗಳ ನಡುವಿನ ಗಡಿಯ ಮೇಲೆ ಇಂಥ ಸೇತುವೆ ನಿಂತಿತೆಂದರೆ, ಆ ದಾರಿಯಲ್ಲಿ ಜನಸಂಚಾರ ಎಷ್ಟಿತ್ತು ಎಂಬುದಕ್ಕೆ ಬೇರೆ ಪುರಾವೆ ಬೇಡ.

ಈ ಸೀಮೆಯ ಚರಿತ್ರೆ ಬರೆಯುವವರು ಮೊದಲು ತೆರೆಯುವ ಪುಸ್ತಕ ಫ್ರಾನ್ಸಿಸ್ ಬುಕಾನನ್ನನದು. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ಅವನು ಮದ್ದೂರು, ಮಂಡ್ಯಗಳ ಮೇಲೆ ಶ್ರೀರಂಗಪಟ್ಟಣಕ್ಕೆ ಬಂದ, ಮುಂದೆ ಶಿವನಸಮುದ್ರದ ಜಲಪಾತಗಳನ್ನೂ ನೋಡಿದ. ಅವನ ವರದಿ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಮಣ್ಣು, ಬೆಳೆ, ಕೆರೆ, ಕುಲುಮೆ, ಕುಲಕಸುಬು ಎಲ್ಲವನ್ನೂ ಅವನು ಕೇಳಿ ಬರೆದುಕೊಂಡ. ನಮಗದು ಬೆಲೆಬಾಳುವ ದಾಖಲೆ, ನಿಜ. ಆದರೆ ಅದು ಹೊಸದಾಗಿ ಕೈಗೆ ಬಂದ ನೆಲದ ಹುಟ್ಟುವಳಿ ಎಷ್ಟು ಎಂದು ತಿಳಿಯಲು ಬಂದವನ ಬರಹ. ಅದೇ ದಾರಿಯಲ್ಲಿ ಬುತ್ತಿಗಂಟು ಹೊತ್ತು ನಡೆದವರು ಪುಸ್ತಕ ಬರೆಯಲಿಲ್ಲ. ಅವರ ಪ್ರವಾಸಕಥನ ನೀಲಗಾರರ ತಂಬೂರಿಯಲ್ಲಿ, ದೇವರಗುಡ್ಡರ ಕಂಸಾಳೆಯಲ್ಲಿ ಉಳಿಯಿತು. ಅದನ್ನು ನಾವು ಜಾನಪದದ ಕಪಾಟಿನಲ್ಲಿ ಇಟ್ಟೆವು, ಬುಕಾನನ್ನನನ್ನು ಚರಿತ್ರೆಯ ಕಪಾಟಿನಲ್ಲಿ ಇಟ್ಟೆವು. ಎರಡನ್ನೂ ಒಟ್ಟಿಗೆ ಓದಿದಾಗ ಮಾತ್ರ ಈ ದಾರಿಯ ಪೂರ್ತಿ ಕಥೆ ಸಿಗುತ್ತದೆ.

ನಂತರ ಬಂದದ್ದು ರೈಲು. 1880ರ ದಶಕದ ಆರಂಭದಲ್ಲಿ ಬೆಂಗಳೂರು–ಮೈಸೂರು ಹಳಿ ಮದ್ದೂರು, ಮಂಡ್ಯಗಳನ್ನು ಮುಟ್ಟಿತು. ಮದ್ದೂರು ನಿಲ್ದಾಣದಲ್ಲಿ ವಡೆ ಹುಟ್ಟಿ ಹೆಸರಾಯಿತು. ಆದರೆ ಮಳವಳ್ಳಿಗಾಗಲಿ ಕೊಳ್ಳೇಗಾಲಕ್ಕಾಗಲಿ ಇಂದಿಗೂ ರೈಲು ಬಂದಿಲ್ಲ. ಆ ಕಡೆಯವರಿಗೆ ಕಾಲು, ಗಾಡಿ, ಆಮೇಲೆ ಬಸ್ಸು ಮತ್ತು ಸೈಕಲ್ಲೇ ಗತಿ. 1930ರ ದಶಕದಲ್ಲಿ ಇರ್ವಿನ್ ನಾಲೆ (ಈಗಿನ ವಿಶ್ವೇಶ್ವರಯ್ಯ ನಾಲೆ) ಹರಿದು, 1933ರಲ್ಲಿ ಮಂಡ್ಯದ ಸಕ್ಕರೆ ಕಂಪನಿ ಶುರುವಾಗಿ, ರಾಗಿಯ ಹೊಲಗಳು ಕಬ್ಬಿನ ಗದ್ದೆಗಳಾದವು. ನಾಲೆಯ ಏರಿಗಳೇ ಸೈಕಲ್ ದಾರಿಗಳಾದವು. ಹಾಲಿನ ಕ್ಯಾನು, ಮೇವಿನ ಹೊರೆ, ಹಿಂದಿನ ಸೀಟಿನಲ್ಲಿ ಮಗಳು, ಎಲ್ಲ ಆ ಏರಿಯ ಮೇಲೆ ಹೋದವು. ಆಲ್ಪ್ಸಿನ ಸವಾರನಿಗೆ ದ್ರಾಕ್ಷಿತೋಟದ ಮನೆ ಸಿಗುವಂತೆ ಇಲ್ಲಿ ಆಲೆಮನೆ ಸಿಗುತ್ತದೆ. ಬಿಸಿ ಬೆಲ್ಲದ ವಾಸನೆ ಹಿಡಿದು ನಿಂತವರಿಗೆ ಒಂದು ಲೋಟ ಹಾಲು ಕೊಟ್ಟು ಕಳಿಸುತ್ತಾರೆ, ಕಬ್ಬಿನದು.

ಗಡಿ ಅಳಿದದ್ದು ಹೇಗೆ? ರಾಜ್ಯ ಪುನರ್ವಿಂಗಡಣಾ ಆಯೋಗ 1955ರಲ್ಲಿ ಕೊಳ್ಳೇಗಾಲ ತಾಲ್ಲೂಕನ್ನು ಕನ್ನಡ ರಾಜ್ಯಕ್ಕೆ ಸೇರಿಸಬೇಕೆಂದು ಹೇಳಿತು. 1956ರ ನವೆಂಬರ್ 1ರಂದು ಅದು ಮೈಸೂರು ಜಿಲ್ಲೆಗೆ ಸೇರಿತು, 1997ರಲ್ಲಿ ಹೊಸ ಚಾಮರಾಜನಗರ ಜಿಲ್ಲೆಗೆ ಹೋಯಿತು. ಕನ್ನಡಿಗರ ಸಂಖ್ಯೆ ಹೆಚ್ಚಿದ್ದರಿಂದ ಸೇರಿತು ಎನ್ನುವುದು ಸರಿಯಾದ ಉತ್ತರವೇ. ಆದರೆ ನೂರೈವತ್ತೇಳು ವರ್ಷ ಬೇರೆ ಸರ್ಕಾರದ ಕೆಳಗಿದ್ದ ತಾಲ್ಲೂಕು ಕನ್ನಡದ್ದಾಗಿಯೇ ಉಳಿದದ್ದು ಯಾಕೆ? ಜಿಲ್ಲಾಕೇಂದ್ರ ಕೊಯಮತ್ತೂರು ಘಟ್ಟದ ಕೆಳಗೆ, ಹಲವು ದಿನಗಳ ದಾರಿ. ಮಳವಳ್ಳಿಯಾದರೋ ಒಂದು ಹಗಲಿನ ನಡಿಗೆ. ಹೆಣ್ಣು ಕೊಟ್ಟು ತಂದದ್ದು, ರೇಷ್ಮೆ ಮಾರಿದ್ದು, ಜಾತ್ರೆಗೆ ಬಂದದ್ದು ಎಲ್ಲ ಈ ಕಡೆಯಿಂದಲೇ. ಏಕೀಕರಣದ ಚರಿತ್ರೆಯಲ್ಲಿ ನಾವು ಸಭೆ, ಠರಾವು, ನಾಯಕರನ್ನು ನೆನೆಯುತ್ತೇವೆ. ವರ್ಷಕ್ಕೊಮ್ಮೆ ಹೊಳೆ ದಾಟುತ್ತಿದ್ದ ಹರಕೆಯವರನ್ನೂ ಆ ಸಾಲಿಗೆ ಸೇರಿಸಬೇಕು. ಅವರು ಏಕೀಕರಣ ಎಂಬ ಶಬ್ದವನ್ನೇ ಕೇಳಿರಲಿಕ್ಕಿಲ್ಲ.

ಈಗ ಅದೇ ಸೀಮೆಯ ದಾರಿಗಳನ್ನು ನೋಡೋಣ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ 2023ರ ಮಾರ್ಚ್ 12ರಂದು ಮಂಡ್ಯ ಜಿಲ್ಲೆಯಲ್ಲೇ ಉದ್ಘಾಟನೆಯಾಯಿತು. ಅದನ್ನು ಎರಡು ಭಾಗ ಮಾಡಿ ಕಟ್ಟಿದರು, ಎರಡೂ ಕೂಡುವ ಜಾಗ ನಿಡಘಟ್ಟ. ಅಪಘಾತಗಳು ಹೆಚ್ಚಿದ ಮೇಲೆ ಅದೇ ಆಗಸ್ಟ್ 1ರಿಂದ ಮುಖ್ಯರಸ್ತೆಗೆ ಬೈಕು, ಆಟೊ, ಟ್ರ್ಯಾಕ್ಟರುಗಳ ಜೊತೆಗೆ ಎಂಜಿನ್ ಇಲ್ಲದ ವಾಹನಗಳಿಗೂ ಪ್ರವೇಶ ನಿಂತಿತು. ಅಷ್ಟು ವೇಗದ ರಸ್ತೆಯಲ್ಲಿ ಸೈಕಲ್ ಬೇಡ ಎನ್ನುವುದು ನ್ಯಾಯವೇ. ಆದರೆ ಸೈಕಲಿಗೆ, ಕಾಲಿಗೆ ಬೇರೆ ದಾರಿ ಎಲ್ಲಿ? ಸರ್ವಿಸ್ ರಸ್ತೆಯಲ್ಲಿ ಬಸ್ಸು, ಲಾರಿಗಳ ಪಕ್ಕದಲ್ಲೇ ಅವರೂ ಜಾಗ ಹುಡುಕಬೇಕು. ಬೆಂಗಳೂರಿನಿಂದ ಹಲಗೂರು, ಮಳವಳ್ಳಿ, ಕೊಳ್ಳೇಗಾಲದ ಮೇಲೆ ಕೊಯಮತ್ತೂರಿಗೆ ಹೋಗುವ ಹೆದ್ದಾರಿಯದೂ ಅದೇ ಕಥೆ. ಇವತ್ತಿಗೂ ಮಾದಪ್ಪನ ಬೆಟ್ಟಕ್ಕೆ ನಡೆಯುವವರು ಕತ್ತಲಲ್ಲಿ ಲಾರಿಯ ದೀಪಕ್ಕೆ ಕಣ್ಣು ಕಿರಿದು ಮಾಡಿಕೊಂಡು ರಸ್ತೆಯಂಚಿನಲ್ಲಿ ಹೋಗುತ್ತಾರೆ.

ವಾರದ ಕೊನೆಯಲ್ಲಿ ಬೆಂಗಳೂರಿನ ಸೈಕಲ್ ಸವಾರರು ಶಿವನಸಮುದ್ರಕ್ಕೆ ಬರುತ್ತಾರೆ. 2008ರಿಂದ ನಡೆಯುತ್ತಿರುವ ಟೂರ್ ಆಫ್ ನೀಲಗಿರಿಸ್ ಸವಾರರನ್ನು ಕರ್ನಾಟಕ, ತಮಿಳುನಾಡು, ಕೇರಳಗಳ ಗಡಿ ದಾಟಿಸುತ್ತದೆ. ಅವರು ಬರುವುದು ಸಂತೋಷವೇ. ಅವರಿಗೆ ಬೇಕಾದದ್ದೂ ಹರಕೆಯವರಿಗೆ ಬೇಕಾದದ್ದೂ ಬೇರೆಯಲ್ಲ: ನೆರಳು, ನೀರು, ಲಾರಿಯಿಂದ ನಾಲ್ಕು ಅಡಿ ದೂರದ ಒಂದು ಪಕ್ಕದಾರಿ, ರಾತ್ರಿ ತಂಗಲು ಒಂದು ಜಗುಲಿ. ನಿಡಘಟ್ಟದಿಂದ ಚಿಕ್ಕಲ್ಲೂರಿನವರೆಗೆ ಇಂಥದ್ದೊಂದು ದಾರಿ ಮಾಡಲು ಹೊಸ ನಕ್ಷೆ ಬೇಕಿಲ್ಲ. ನೀಲಗಾರರ ಬಳಿ ಇದೆ.

2018ರ ಪ್ರವಾಹದಲ್ಲಿ ವೆಸ್ಲಿ ಸೇತುವೆಯ ಒಂದು ಭಾಗ ಕೊಚ್ಚಿಹೋಯಿತು. ವಾಹನಗಳಿಗೆ ಪಕ್ಕದಲ್ಲೇ ಹೊಸ ಸೇತುವೆ ಇದ್ದುದರಿಂದ ಸಂಚಾರಕ್ಕೆ ತೊಂದರೆಯೇನೂ ಆಗಲಿಲ್ಲ. ಆದರೂ ಹಳೆಯದರ ಕಂಬಗಳನ್ನು ಒಮ್ಮೆ ನಿಂತು ನೋಡಬೇಕು. ಅವನ್ನು ನಿಲ್ಲಿಸಿದ್ದು ನಡೆಯುವವರಿಗಾಗಿ.